ನಾಲುಮಣಿ ಪೂವು ಎಂದರೆ ನಮ್ಮ ಸಂಜೆಮಲ್ಲಿಗೆ

ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಪಕ್ಕದ ಬಾಡಿಗೆ ಮನೆಗೆ ಮಲಯಾಳ ಮಾತಾಡುವ ಕುಟುಂಬವೊಂದು ಬಂತು. ಅವರ ಮಗಳು ಐದನೇ ಕ್ಲಾಸು. ಒಂದು ಸಂಜೆ ಬೇಲಿಯ ಹತ್ತಿರ ನಿಂತು, ‘ನಾಲುಮಣಿ ಪೂವಿನ ಬೀಜ ಇದೆಯಾ ಆಂಟಿ?’ ಎಂದು ಅರ್ಧ ಕನ್ನಡದಲ್ಲಿ ಕೇಳಿದಳು. ಶಾಲೆಯ ತೋಟಕ್ಕೆ ಬೇಕಂತೆ.

ನಾನು ಸಾಗರದ ಕಡೆಯಿಂದ ಮದುವೆಯಾಗಿ ಕೇರಳದ ಗಡಿಜಿಲ್ಲೆ ಕಾಸರಗೋಡಿನ ನೀರ್ಚಾಲಿಗೆ ಬಂದವಳು. ಮಣಿ ಎಂದರೆ ನನಗೆ ದಾರದಲ್ಲಿ ಪೋಣಿಸುವ ಮಣಿ. ನಾಲ್ಕು ಮಣಿ ಇರುವ ಹೂವು ಯಾವುದು ಅಂತ ಯೋಚಿಸುತ್ತಾ ನಿಂತೆ. ಹುಡುಗಿ ನನ್ನ ಕಾಲ ಬುಡವನ್ನೇ ತೋರಿಸಿದಳು. ಅಲ್ಲಿ ಬಚ್ಚಲು ನೀರು ಹರಿದು ಹೋಗುವ ಜಾಗದಲ್ಲಿ ಸಂಜೆಮಲ್ಲಿಗೆ ಆಗಷ್ಟೇ ಬಿರಿಯುತ್ತಿತ್ತು. ಒಳಗಿನಿಂದ ಅತ್ತೆ ಕೂಗಿ ಹೇಳಿದರು: ‘ಮಲಯಾಳದಲ್ಲಿ ಮಣಿ ಅಂದ್ರೆ ಗಂಟೆ ಮಾರಾಯ್ತಿ. ನಾಲ್ಕು ಗಂಟೆಗೆ ಅರಳುವ ಹೂವು.’

ದಿನಾ ನೋಡುವ ಗಿಡ ಅವತ್ತು ನನಗೆ ಹೊಸದಾಗಿ ಕಾಣಿಸಿತು. ಕೇರಳದಲ್ಲಿ ನಾಲುಮಣಿ ಎಂದರೆ ಬರೀ ಗಡಿಯಾರದ ಸಮಯ ಅಲ್ಲ. ಅದು ಮಕ್ಕಳು ಶಾಲೆ ಬಿಟ್ಟು ಮನೆಗೆ ಬರುವ ಹೊತ್ತು. ಚಹಾದ ಜೊತೆ ತಿನ್ನುವ ತಿಂಡಿಗೆ ಅಲ್ಲಿ ‘ನಾಲುಮಣಿ ಪಲಹಾರ’ ಎಂದೇ ಹೆಸರು. ಆ ಹೊತ್ತಿಗೆ ಸರಿಯಾಗಿ ಅಂಗಳದಲ್ಲಿ ಒಂದು ಹೂವು ಅರಳಿದರೆ ಬೇರೆ ಏನಂತ ಕರೆಯುತ್ತಾರೆ?

ಒಂದು ಗಿಡಕ್ಕೆ ಇಷ್ಟೊಂದು ಹೆಸರು ಯಾಕೆ? ಅದರಲ್ಲಿ ‘ಸರಿಯಾದ’ ಹೆಸರು ಯಾವುದು? ಈ ಗಡಿಯಲ್ಲಿ ಇರುವವರಿಗೆ ಇದು ದಿನಬಳಕೆಯ ಪ್ರಶ್ನೆ.

ಯಾವ ಅರಳಿ?

2024ರ ಮೇ ತಿಂಗಳಲ್ಲಿ ಕೇರಳದಲ್ಲಿ ದೇವಸ್ಥಾನಗಳನ್ನು ನೋಡಿಕೊಳ್ಳುವ ತಿರುವಿದಾಂಕೂರು ಮತ್ತು ಮಲಬಾರ್ ದೇವಸ್ವಂ ಬೋರ್ಡುಗಳು ನೈವೇದ್ಯ ಮತ್ತು ಪ್ರಸಾದದಲ್ಲಿ ‘ಅರಳಿ ಹೂವು’ ಬಳಸಬಾರದು ಎಂದು ತೀರ್ಮಾನಿಸಿದವು. ಆ ಗಿಡದ ಎಲೆ, ಹೂವು ತಿಂದು ಒಬ್ಬ ಯುವತಿ ತೀರಿಕೊಂಡಿದ್ದಾಳೆ ಎಂಬ ಸುದ್ದಿ ಅದಕ್ಕೆ ಕೆಲವು ದಿನ ಮೊದಲು ಬಂದಿತ್ತು.

ಕನ್ನಡದಲ್ಲಿ ಯೋಚಿಸುವವರಿಗೆ ಅರಳಿ ಎಂದರೆ ಅಶ್ವತ್ಥ ಮರ. ಕಟ್ಟೆ ಕಟ್ಟಿ ಪ್ರದಕ್ಷಿಣೆ ಬರುವ ಮರ. ಅದಕ್ಕೆ ಪೂಜೆಗೆ ಕೊಯ್ಯುವಂಥ ಹೂವೇ ಇಲ್ಲ. ಹಾಗಾದರೆ ಯಾವುದನ್ನು ನಿಷೇಧಿಸಿದರು? ಮಲಯಾಳದ ಅರಳಿ ಎಂದರೆ ನಮ್ಮ ಕಣಗಿಲೆ. ಕೆಂಪು, ಗುಲಾಬಿ, ಬಿಳಿ ಬಣ್ಣದಲ್ಲಿ ಗೊಂಚಲಾಗಿ ಹೂ ಬಿಡುವ, ಹೆದ್ದಾರಿಯ ನಡುವೆ ಸಾಲಾಗಿ ನೆಡುವ ಗಿಡ. ಅದರ ಎಲೆ, ಹೂವು, ಕಾಂಡ ಎಲ್ಲದರಲ್ಲೂ ಹೃದಯದ ಬಡಿತವನ್ನು ಕೆಡಿಸುವ ವಿಷ ಇದೆ.

ಒಂದೇ ಶಬ್ದ. ಚಂದ್ರಗಿರಿ ಹೊಳೆಯ ಆಸುಪಾಸಿನ ಒಂದೇ ಊರಲ್ಲಿ, ಒಂದು ಮನೆಯಲ್ಲಿ ಅದು ಪೂಜೆಯ ಮರ, ಪಕ್ಕದ ಮನೆಯಲ್ಲಿ ವಿಷದ ಗಿಡ. ಹೆಸರಿನ ವಿಷಯ ಸುಮ್ನೆ ಕುತೂಹಲಕ್ಕೆ ಮಾತ್ರ ಅಲ್ಲ ಅನ್ನುವುದು ಇದಕ್ಕೇ.

ಒಂದು ಹೂವು, ಹಲವು ಊರಿನ ಸಂಜೆ

ಮತ್ತೆ ಸಂಜೆಮಲ್ಲಿಗೆಗೆ ಬರೋಣ. ಕಾಸರಗೋಡನ್ನು ಸಪ್ತಭಾಷೆಗಳ ನೆಲ ಎನ್ನುತ್ತಾರೆ. ಹಾಗಾಗಿ ಹೆಸರು ಸಂಗ್ರಹಿಸಲು ಜಾಸ್ತಿ ದೂರ ಹೋಗಬೇಕಾಗಿಲ್ಲ. ತುಳುವಿನಲ್ಲಿ ಬಯ್ಯ ಎಂದರೆ ಸಂಜೆ, ಹೂವು ‘ಬಯ್ಯಮಲ್ಲಿಗೆ’. ಮಲಯಾಳದಲ್ಲಿ ನಾಲುಮಣಿ ಪೂವು ಅಲ್ಲದೆ ‘ಅಂದಿಮಲರಿ’ ಎಂದೂ ಹೇಳುತ್ತಾರೆ. ಅಂದಿ ಎಂದರೆ ಮುಸ್ಸಂಜೆ. ಹೊಸೂರು, ತಾಳವಾಡಿ ಕಡೆಯ ಕನ್ನಡದವರು ತಮಿಳು ನೆರೆಮನೆಯಲ್ಲಿ ಕೇಳುವ ಹೆಸರು ‘ಅಂದಿ ಮಂದಾರೈ’. ಆಂಧ್ರದ ಗಡಿಯಲ್ಲಿ ತೆಲುಗಿನವರಿಗೆ ಇದು ‘ಚಂದ್ರಕಾಂತ’. ಅಕ್ಕಲಕೋಟೆ, ಜತ್ತದ ಕಡೆ ಮರಾಠಿಯಲ್ಲಿ ‘ಗುಲಬಾಕ್ಷಿ’. ಇದು ಪರ್ಷಿಯನ್ ಭಾಷೆಯ ಗುಲ್, ಅಂದರೆ ಹೂವು, ಎಂಬ ಶಬ್ದ ಸೇರಿ ಬಂದ ಹೆಸರು. ಹಿಂದಿಯಲ್ಲಿ ಅದೇ ‘ಗುಲ್ ಅಬ್ಬಾಸ್’.

ದೇಶ ದಾಟಿದರೂ ಮಾತು ಬದಲಾಗುವುದಿಲ್ಲ. ಇಂಗ್ಲಿಷಿನಲ್ಲಿ ಇದರ ಹೆಸರು ‘ಫೋರ್ ಓ ಕ್ಲಾಕ್’. ಥೇಟ್ ನಾಲುಮಣಿ! ಇಂಡೋನೇಷ್ಯಾದಲ್ಲಿ ‘ಬುಂಗ ಪುಕುಲ್ ಅಂಪಾತ್’, ಅರ್ಥ ಅದೇ. ಚೀನಾದ ಕೆಲವು ಕಡೆ ಇದಕ್ಕೆ ‘ಅನ್ನಕ್ಕಿಡುವ ಹೂವು’ ಎಂಬ ಹೆಸರಿದೆ. ಹೂ ಅರಳಿತು ಎಂದರೆ ರಾತ್ರಿಯ ಅನ್ನಕ್ಕೆ ನೀರಿಡುವ ಹೊತ್ತಾಯಿತು ಅಂತ. ನನಗೆ ತುಂಬ ಇಷ್ಟವಾದ ಹೆಸರು ಇದೇ. ಒಂದು ಅಡುಗೆಮನೆ, ಅದರ ಕಿಟಕಿ, ಕಿಟಕಿಯಾಚೆ ಈ ಗಿಡ ಎಲ್ಲ ಕಣ್ಣೆದುರು ಬರುತ್ತದೆ.

ಜಪಾನಿನವರು ಮಾತ್ರ ಗಂಟೆ ನೋಡಲಿಲ್ಲ, ಬೀಜ ಒಡೆದು ನೋಡಿದರು. ಕಪ್ಪು ಬೀಜದ ಒಳಗೆ ಬಿಳಿ ಹಿಟ್ಟಿನಂಥದ್ದು ಇರುತ್ತದೆ. ಅದು ಮುಖಕ್ಕೆ ಹಚ್ಚುವ ಪೌಡರಿನ ಹಾಗೆ ಕಂಡಿತು. ಹಾಗಾಗಿ ಅಲ್ಲಿ ಇದು ‘ಓಶಿರೋಯ್ ಬಾನ’, ಪೌಡರ್ ಹೂವು.

ಊರ ಹೆಸರುಗಳು ಹುಟ್ಟುವುದು ಹೀಗೆ. ಹೆಸರಿಟ್ಟವರು ಗಿಡದಲ್ಲಿ ಏನನ್ನು ಗಮನಿಸಿದರು ಎಂಬುದು ಹೆಸರಿನಲ್ಲೇ ಉಳಿಯುತ್ತದೆ. ಮುಟ್ಟಿದರೆ ಮಡಚಿಕೊಳ್ಳುವ ಆ ಚಿಕ್ಕ ಮುಳ್ಳುಗಿಡವನ್ನೇ ನೋಡಿ. ಕನ್ನಡದಲ್ಲಿ ‘ಮುಟ್ಟಿದರೆ ಮುನಿ’, ಅದು ಮುನಿಸಿಕೊಳ್ಳುತ್ತದೆ. ಮಲಯಾಳದಲ್ಲಿ ‘ತೊಟ್ಟಾವಾಡಿ’, ಮುಟ್ಟಿದರೆ ಬಾಡುತ್ತದೆ. ತಮಿಳಿನಲ್ಲಿ ‘ತೊಟ್ಟಾಲ್ ಸಿಣುಂಗಿ’, ಮುಟ್ಟಿದರೆ ಮುಲುಗುತ್ತದೆ. ಮರಾಠಿಯಲ್ಲಿ ‘ಲಾಜಾಳು’, ನಾಚುತ್ತದೆ. ಗಿಡ ಮಾಡಿದ್ದು ಒಂದೇ ಕೆಲಸ. ಒಂದೊಂದು ಊರಿನ ಮಂದಿ ಅದರಲ್ಲಿ ಒಂದೊಂದು ಸ್ವಭಾವ ಕಂಡರು.

ಮಲ್ಲಿಗೆಯಲ್ಲದ ಮಲ್ಲಿಗೆ

ಸಂಜೆಮಲ್ಲಿಗೆ ಮಲ್ಲಿಗೆಯ ಜಾತಿಯೇ ಅಲ್ಲ. ಪರಿಮಳ ಇರುವ, ಪುಟ್ಟದಾದ ಹೂವು ಕಂಡರೆ ಮಲ್ಲಿಗೆ ಎಂದು ಪ್ರೀತಿಯಿಂದ ಕರೆಯುವುದು ನಮ್ಮ ಅಭ್ಯಾಸ. ಆಕಾಶಮಲ್ಲಿಗೆಯೂ ಹಾಗೆಯೇ, ಅದು ದೊಡ್ಡ ಮರ. ಸಂಜೆಮಲ್ಲಿಗೆಯ ನಿಜವಾದ ನೆಂಟ ಬೋಗನ್‌ವಿಲ್ಲಾ. ಎರಡೂ ಒಂದೇ ಕುಟುಂಬದವು.

ಇನ್ನೊಂದು ವಿಚಿತ್ರ ಇದೆ. ನಾವು ಎಸಳು ಎಂದುಕೊಂಡಿದ್ದು ಎಸಳಲ್ಲ. ಸಾಮಾನ್ಯವಾಗಿ ಹೂವಿನ ಬುಡದಲ್ಲಿ ಹಸಿರು ಬಟ್ಟಲಿನ ಹಾಗೆ ಇರುವುದಕ್ಕೆ ಪುಷ್ಪಪಾತ್ರೆ ಎನ್ನುತ್ತಾರೆ. ಸಂಜೆಮಲ್ಲಿಗೆಯಲ್ಲಿ ಆ ಪುಷ್ಪಪಾತ್ರೆಯೇ ಬಣ್ಣ ಹಚ್ಚಿಕೊಂಡು, ಉದ್ದ ಕೊಳವೆಯಾಗಿ, ತುದಿಯಲ್ಲಿ ಛತ್ರಿಯಂತೆ ಬಿಚ್ಚಿಕೊಳ್ಳುತ್ತದೆ. ನಿಜವಾದ ಎಸಳು ಇದಕ್ಕೆ ಇಲ್ಲವೇ ಇಲ್ಲ.

ಬಣ್ಣವೂ ಬೇರೆ ಬಗೆಯದು. ಶಂಖಪುಷ್ಪದ ನೀಲಿ, ದಾಸವಾಳದ ಕೆಂಪು ಬರುವುದು ಆಂಥೋಸಯನಿನ್ ಎಂಬ ಬಣ್ಣಗಳಿಂದ. ಸಂಜೆಮಲ್ಲಿಗೆಯ ಗಾಢ ಗುಲಾಬಿ, ಹಳದಿ ಬರುವುದು ಬೀಟಲೈನ್ ಎಂಬ ಇನ್ನೊಂದು ಗುಂಪಿನಿಂದ. ಬೀಟ್‌ರೂಟ್ ಹೆಚ್ಚಿದಾಗ ಕೈಗೆ ಹತ್ತುವುದು ಅದೇ. ಕೆಂಪು ಹರಿವೆ ಬೇಯಿಸಿದಾಗ ನೀರಿಗೆ ಇಳಿಯುವುದು, ಬಸಳೆಯ ಹಣ್ಣು ಹಿಚುಕಿದಾಗ ಬೆರಳಿಗೆ ಅಂಟುವುದು ಎಲ್ಲ ಅದೇ ಗುಂಪಿನ ಬಣ್ಣ. ಇವೆಲ್ಲ ದೂರದ ಸಂಬಂಧಿಗಳು.

ಒಂದೇ ಗಿಡದಲ್ಲಿ ಹಳದಿ ಹೂವು, ಗುಲಾಬಿ ಹೂವು, ಕೆಲವೊಮ್ಮೆ ಒಂದೇ ಹೂವಿನಲ್ಲಿ ಎರಡು ಬಣ್ಣದ ಚುಕ್ಕೆ ಗೆರೆಗಳು ಇರುವುದನ್ನು ನೀವೂ ನೋಡಿರುತ್ತೀರಿ. ಬಣ್ಣ ತಯಾರಿಸುವ ಸ್ವಿಚ್ಚು ಕೆಲವು ಜೀವಕೋಶಗಳಲ್ಲಿ ಹಾಕಿರುತ್ತದೆ, ಕೆಲವದರಲ್ಲಿ ಆರಿರುತ್ತದೆ. ಅಷ್ಟೇ ಅದರ ಗುಟ್ಟು.

ಅದಕ್ಕೆ ಗಂಟೆ ಹೇಗೆ ಗೊತ್ತು?

ಗಿಡಗಳಿಗೂ ಒಳಗೊಂದು ಗಡಿಯಾರ ಇದೆ. ಸುಮಾರು 24 ಗಂಟೆಗೆ ಒಂದು ಸುತ್ತು ಬರುವ ರಾಸಾಯನಿಕ ಗಡಿಯಾರ ಅದು. ಬೆಳಕು ಮತ್ತು ಬಿಸಿಲಿನ ಏರಿಳಿತ ದಿನಾ ಅದಕ್ಕೆ ಕೀ ಕೊಟ್ಟು ಸರಿಮಾಡುತ್ತದೆ. ಬೆಳಿಗ್ಗೆ ಅಲಾರಂ ಇಲ್ಲದೆಯೂ ನಮಗೆ ಎಚ್ಚರವಾಗುತ್ತದೆ ಅಲ್ವಾ, ಹಾಗೆಯೇ. ಹೊತ್ತಾದಾಗ ಮೊಗ್ಗಿನ ಕೋಶಗಳಿಗೆ ನೀರು ತುಂಬುತ್ತದೆ. ಗಾಳಿ ಊದಿದ ಬಲೂನಿನ ಹಾಗೆ ಅವು ಬಿಗಿಯಾಗುತ್ತವೆ. ಸುತ್ತಿಕೊಂಡಿದ್ದ ಹೂವು ಬಿಚ್ಚಿಕೊಳ್ಳುತ್ತದೆ.

ಆದರೆ ನಮ್ಮ ಅಂಗಳದಲ್ಲಿ ಅದು ಸರಿಯಾಗಿ ನಾಲ್ಕಕ್ಕೆ ಅರಳುವುದಿಲ್ಲ. ನಾನು ಕೆಲವು ದಿನ ಗಮನಿಸಿದೆ. ಹೆಚ್ಚಾಗಿ ನಾಲ್ಕೂವರೆಯಿಂದ ಐದೂವರೆ ಒಳಗೆ. ಇದಕ್ಕೆ ಒಂದು ಕಾರಣ ಗಿಡದಲ್ಲಿ ಇಲ್ಲ, ಗೋಡೆಯ ಗಡಿಯಾರದಲ್ಲಿದೆ. ಭಾರತದ ಸಮಯವನ್ನು 82.5 ಡಿಗ್ರಿ ರೇಖಾಂಶಕ್ಕೆ ಲೆಕ್ಕ ಹಾಕಿದ್ದಾರೆ. ಕಾಸರಗೋಡು ಇರುವುದು ಸುಮಾರು 75 ಡಿಗ್ರಿಯಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ನಾವು ಸೂರ್ಯನ ಲೆಕ್ಕದಲ್ಲಿ ಅರ್ಧ ಗಂಟೆ ಹಿಂದೆ ಇದ್ದೇವೆ. ನಮ್ಮ ಗಡಿಯಾರ ನಾಲ್ಕೂವರೆ ತೋರಿಸುವಾಗ ಇಲ್ಲಿನ ಸೂರ್ಯನ ಪ್ರಕಾರ ನಾಲ್ಕು. ಗಿಡ ನೋಡುವುದು ಸೂರ್ಯನನ್ನು. ಮೋಡ ಕವಿದ ದಿನ, ಸೆಕೆಯ ದಿನ ಹೊತ್ತು ಇನ್ನೂ ಹಿಂದೆ ಮುಂದೆ ಆಗುತ್ತದೆ.

ಹಗಲು ಬಿಟ್ಟು ಸಂಜೆಯೇ ಯಾಕೆ? ಬರುವ ಅತಿಥಿ ರಾತ್ರಿಯವನು. ಹಾಕ್‌ಮಾತ್ ಎಂಬ ದೊಡ್ಡ ಪತಂಗಗಳಿಗೆ ಉದ್ದವಾದ ನಾಲಿಗೆ ಇರುತ್ತದೆ. ಗಾಳಿಯಲ್ಲಿ ನಿಂತಲ್ಲೇ ರೆಕ್ಕೆ ಬಡಿಯುತ್ತಾ ಅವು ಕೊಳವೆಯ ತಳದ ಮಕರಂದ ಹೀರುತ್ತವೆ. ಕತ್ತಲಲ್ಲಿ ದಾರಿ ತೋರಿಸುವುದು ಪರಿಮಳ. ಅದಕ್ಕೇ ಈ ಹೂವಿಗೆ ಸಂಜೆ ಪರಿಮಳ ಜೋರು, ಹಗಲಲ್ಲಿ ಏನೂ ಇಲ್ಲ. ಪತಂಗ ಬಾರದೇ ಹೋದರೂ ಗಿಡ ಕೈಕಟ್ಟಿ ಕೂರುವುದಿಲ್ಲ. ಬೆಳಿಗ್ಗೆ ಮುದುಡುವಾಗ ಒಳಗಿನ ಪರಾಗದ ಕೇಸರಗಳು ಸುರುಳಿ ಸುತ್ತಿಕೊಂಡು ಹೂವಿನ ಹೆಣ್ಣು ಭಾಗವಾದ ಶಲಾಕೆಯ ತುದಿಗೆ ತಾಗುತ್ತವೆ. ತನ್ನ ಪರಾಗದಿಂದಲೇ ತಾನು ಬೀಜ ಕಟ್ಟಿಕೊಳ್ಳುತ್ತದೆ.

ಇದರ ಜೋಡಿ ಹೂವು ನಮ್ಮ ಅಂಗಳದಲ್ಲೇ ಇನ್ನೊಂದಿದೆ. ಬೆಳಿಗ್ಗೆ ಬಿಸಿಲೇರಿದ ಮೇಲೆ ಅರಳುವ ‘ಪತ್ತುಮಣಿ’, ಕನ್ನಡದ ಹತ್ತು ಗಂಟೆ ಹೂವು. ಕುಂಡದಿಂದ ಇಳಿಬೀಳುವ ದಪ್ಪ ಎಲೆಯ ಗಿಡ. ಹೂವುಗಳ ಗಡಿಯಾರ ಮಾಡಬಹುದು ಎಂಬ ಯೋಚನೆ ಸ್ವೀಡನ್ನಿನ ಕಾರ್ಲ್ ಲಿನೇಯಸ್ ಎಂಬ ಸಸ್ಯವಿಜ್ಞಾನಿಗೂ ಬಂದಿತ್ತು. ಯಾವ ಹೂವು ಎಷ್ಟು ಗಂಟೆಗೆ ಅರಳುತ್ತದೆ, ಮುದುಡುತ್ತದೆ ಎಂದು ಅವರು 1751ರಲ್ಲಿ ಪಟ್ಟಿಯನ್ನೇ ಕೊಟ್ಟರು.

ಮನೆ ಹೆಸರು, ಕರೆಯುವ ಹೆಸರು

ಜಗತ್ತಿನ ಗಿಡಗಳಿಗೆಲ್ಲ ಎರಡು ಶಬ್ದದ ಹೆಸರಿಡುವ ಪದ್ಧತಿಯನ್ನು ಗಟ್ಟಿ ಮಾಡಿದ್ದೂ ಇದೇ ಲಿನೇಯಸ್, 1753ರಲ್ಲಿ. ನಮ್ಮ ಊರಿನವರಿಗೆ ಇದು ಅರ್ಥವಾಗುವುದು ಸುಲಭ. ಇಲ್ಲಿ ಜನರನ್ನು ಮನೆ ಹೆಸರು ಹೇಳಿಯೇ ಗುರುತಿಸುತ್ತೇವೆ. ಒಂದೇ ಹೆಸರಿನ ಐದು ಜನ ಇದ್ದರೂ ಮನೆಯ ಹೆಸರು ಸೇರಿಸಿದರೆ ಗೊಂದಲ ಇಲ್ಲ. ವೈಜ್ಞಾನಿಕ ಹೆಸರೂ ಹಾಗೆಯೇ. ಮೊದಲನೆಯದು ಮನೆತನ, ಎರಡನೆಯದು ಅದರೊಳಗಿನ ಒಬ್ಬ ಸದಸ್ಯ.

ಸಂಜೆಮಲ್ಲಿಗೆಯ ಆ ಹೆಸರು ‘ಮಿರಾಬಿಲಿಸ್ ಜಲಾಪ’. ಮಿರಾಬಿಲಿಸ್ ಎಂದರೆ ಲ್ಯಾಟಿನ್ನಿನಲ್ಲಿ ಅಚ್ಚರಿಯದು. ಜಲಾಪ ಬಂದಿದ್ದು ಮೆಕ್ಸಿಕೋದ ಹಲಾಪ ಎಂಬ ಊರಿನಿಂದ. ಆ ಕಡೆಯಿಂದ ಭೇದಿಗೆ ಕೊಡುವ ಜಲಾಪ್ ಎಂಬ ಬೇರು ಯೂರೋಪಿಗೆ ಹೋಗುತ್ತಿತ್ತು. ಅದು ಈ ಗಿಡದ ಬೇರು ಎಂದು ಆಗ ನಂಬಿದ್ದರು. ಆಮೇಲೆ ಗೊತ್ತಾಯಿತು, ಆ ಬೇರು ಬೇರೆಯೇ ಬಳ್ಳಿಯದು. ಹೆಸರು ಮಾತ್ರ ಹಾಗೇ ಉಳಿಯಿತು. ಹೌದು, ನಾವು ನಮ್ಮದೇ ಎಂದುಕೊಂಡ ಸಂಜೆಮಲ್ಲಿಗೆ ಅಮೆರಿಕ ಖಂಡದಿಂದ ಹಡಗಿನಲ್ಲಿ ಬಂದದ್ದು.

ವೈಜ್ಞಾನಿಕ ಹೆಸರು ಎಂದರೆ ಎಲ್ಲ ಪರದೇಶದ್ದು ಅಂತ ತಿಳಿಯಬೇಡಿ. ಅಡಿಕೆಯ ವೈಜ್ಞಾನಿಕ ಹೆಸರಿನ ಮೊದಲ ಶಬ್ದ ‘ಅರೆಕಾ’. ಅದು ನಮ್ಮ ಕರಾವಳಿಯ ಅಡಕ್ಕ, ಅಡಿಕೆಯೇ ಪೋರ್ಚುಗೀಸರ ಬಾಯಲ್ಲಿ ಬದಲಾದ ರೂಪ. ಬಸಳೆಯ ಹೆಸರು ‘ಬಸೆಲ್ಲಾ’! ಮಾವಿನ ‘ಮ್ಯಾಂಜಿಫೆರಾ’ದಲ್ಲಿ ಇರುವುದು ಮಲಯಾಳ, ತಮಿಳಿನ ‘ಮಾಂಗ’.

ಇಂಥ ಹೆಸರುಗಳು ಯೂರೋಪಿಗೆ ಮುಟ್ಟಲು ದೊಡ್ಡ ಸೇತುವೆಯಾಗಿದ್ದು ‘ಹೊರ್ತುಸ್ ಮಲಬಾರಿಕುಸ್’ ಎಂಬ ಗ್ರಂಥ. ಕೊಚ್ಚಿಯಲ್ಲಿ ಡಚ್ಚರ ಅಧಿಕಾರಿಯಾಗಿದ್ದ ಹೆಂಡ್ರಿಕ್ ವಾನ್ ರೀಡ್ ಇದನ್ನು ಮಾಡಿಸಿದರು. 1678ರಿಂದ 1693ರವರೆಗೆ ಆಮ್‌ಸ್ಟರ್‌ಡ್ಯಾಮಿನಲ್ಲಿ 12 ಸಂಪುಟಗಳಾಗಿ ಅಚ್ಚಾಯಿತು. ಗಿಡಗಳ ಗುಣ ಮತ್ತು ಹೆಸರು ಹೇಳಿಕೊಟ್ಟವರು ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರು. ಜೊತೆಗೆ ರಂಗ ಭಟ್, ವಿನಾಯಕ ಪಂಡಿತ್, ಅಪ್ಪು ಭಟ್ ಎಂಬ ಮೂವರು ಕೊಂಕಣಿ ಮಾತಿನ ಪಂಡಿತರು. ಊರ ಹೆಸರನ್ನು ಬದಿಗಿಡದೆ, ಅದನ್ನೇ ತಲೆಬರಹ ಮಾಡಿ ಗಿಡಗಳನ್ನು ವಿವರಿಸಿದ್ದು ಆ ಗ್ರಂಥದ ದೊಡ್ಡತನ. ಲಿನೇಯಸ್ ಭಾರತದ ಎಷ್ಟೋ ಗಿಡಗಳನ್ನು ತಿಳಿದದ್ದು ಅದರಿಂದ.

ಅಮ್ಮನ ಕಡೆಯಿಂದ ಬರುವ ಹಸಿರು

ಸಂಜೆಮಲ್ಲಿಗೆಗೆ ವಿಜ್ಞಾನದ ಚರಿತ್ರೆಯಲ್ಲೂ ಜಾಗ ಇದೆ. ಹೆತ್ತವರ ಗುಣ ಮಕ್ಕಳಿಗೆ ಹೇಗೆ ಬರುತ್ತದೆ ಎಂದು ಮೆಂಡೆಲ್ ಎಂಬ ವಿಜ್ಞಾನಿ ಬಟಾಣಿ ಗಿಡದಲ್ಲಿ ಕಂಡುಹಿಡಿದ ಅನುವಂಶೀಯತೆಯ ನಿಯಮ ಮರೆತೇ ಹೋಗಿತ್ತು. 1900ರಲ್ಲಿ ಅದನ್ನು ಮತ್ತೆ ಬೆಳಕಿಗೆ ತಂದವರಲ್ಲಿ ಜರ್ಮನಿಯ ಕಾರ್ಲ್ ಕೊರೆನ್ಸ್ ಒಬ್ಬರು. ಅವರ ಕೈಯಲ್ಲಿದ್ದ ಗಿಡಗಳಲ್ಲಿ ಇದೂ ಒಂದು.

ಕೆಂಪು ಹೂವಿನ ಗಿಡಕ್ಕೂ ಬಿಳಿ ಹೂವಿನ ಗಿಡಕ್ಕೂ ಸಂಬಂಧ ಮಾಡಿಸಿದರೆ ಮಕ್ಕಳು ಗುಲಾಬಿ. ಬಣ್ಣದ ಡಬ್ಬಿ ಒಂದೇ ಸಿಕ್ಕಿತು, ಹಾಗಾಗಿ ತೆಳುವಾಯಿತು ಅಂದುಕೊಳ್ಳಿ. ಆ ಗುಲಾಬಿಗಳನ್ನೇ ಮತ್ತೆ ಸೇರಿಸಿದರೆ ಮೊಮ್ಮಕ್ಕಳಲ್ಲಿ ಸುಮಾರು ನಾಲ್ಕಕ್ಕೆ ಒಂದು ಕೆಂಪು, ಎರಡು ಗುಲಾಬಿ, ಒಂದು ಬಿಳಿ. ಅಂದರೆ ಕೆಂಪು ಕರಗಿ ಹೋಗಿರಲಿಲ್ಲ, ಒಳಗೆ ಹಾಗೇ ಇತ್ತು.

ಆಮೇಲೆ ಅವರು ಹಸಿರು ಬಿಳಿ ಬೆರೆತ ಎಲೆಯ ಗಿಡಗಳನ್ನು ನೋಡಿದರು. ಅಲ್ಲಿ ಲೆಕ್ಕ ತಪ್ಪಿತು. ಹಸಿರು ಕೊಂಬೆಯ ಹೂವಿಗೆ ಯಾವ ಗಿಡದ ಪರಾಗ ಹಾಕಿದರೂ ಸಸಿ ಹಸಿರು. ಬಿಳಿ ಕೊಂಬೆಯಿಂದ ಬಿಳಿ. ತಂದೆ ಗಿಡಕ್ಕೆ ಇದರಲ್ಲಿ ಪಾಲೇ ಇಲ್ಲ. 1909ರಲ್ಲಿ ಅವರು ಇದನ್ನು ಪ್ರಕಟಿಸಿದರು. ಕಾರಣ ಏನೆಂದರೆ ಎಲೆಗೆ ಹಸಿರು ಕೊಡುವ ಕ್ಲೋರೋಪ್ಲಾಸ್ಟ್ ಎಂಬ ಪುಟ್ಟ ಕಣಗಳು ಈ ಗಿಡದಲ್ಲಿ ಅಂಡದ ಮೂಲಕ ಮಾತ್ರ ಮುಂದಿನ ತಲೆಮಾರಿಗೆ ಹೋಗುತ್ತವೆ. ತುಳುನಾಡಿನವರಿಗೆ ಇದನ್ನು ಜಾಸ್ತಿ ವಿವರಿಸಬೇಕಾಗಿಲ್ಲ. ಅಳಿಯಕಟ್ಟಿನ ಮನೆಗಳಲ್ಲಿ ಬಳಿ, ಅಂದರೆ ಕುಲ, ಬರುವುದು ತಾಯಿಯಿಂದ ಅಲ್ವಾ? ಸಂಜೆಮಲ್ಲಿಗೆಯ ಹಸಿರೂ ಹಾಗೆಯೇ.

ಹೆಸರು ಹುಡುಕುವುದು ಹೇಗೆ?

ಹೊಸ ಗಿಡ ಸಿಕ್ಕಿದರೆ ಹೂವಿನ ಜೊತೆ ಎಲೆ ಜೋಡಣೆ ಮತ್ತು ಕಾಯಿಯ ಫೋಟೋ ಕೂಡ ತೆಗೆಯಿರಿ. ಫೋನಿನ ಗುರುತಿಸುವ ಆ್ಯಪ್‌ಗಳು ಹೂವು ಮಾತ್ರ ನೋಡಿ ಎಷ್ಟೋ ಸಲ ತಪ್ಪು ಹೇಳುತ್ತವೆ. ನರ್ಸರಿಯಲ್ಲಿ ಮಲಯಾಳದ ಹೆಸರು ಬರೆದಿದ್ದರೆ ವೈಜ್ಞಾನಿಕ ಹೆಸರನ್ನೂ ಕೇಳಿ ಬರೆದುಕೊಳ್ಳಿ. ಆ ಎರಡು ಶಬ್ದ ಗಟ್ಟಿಯಾದ ಮೇಲೆ ಮನೆಯ ಹಿರಿಯರ ಹತ್ತಿರ, ಪಕ್ಕದ ಮನೆಯವರ ಹತ್ತಿರ ಊರ ಹೆಸರು ಕೇಳಿ. ವಿಷವೋ ಅಲ್ಲವೋ ಎಂದು ತಿಳಿಯಲು ವೈಜ್ಞಾನಿಕ ಹೆಸರು ಬೇಕು. ಸಂಜೆ ಎಷ್ಟು ಹೊತ್ತಿಗೆ ಅರಳುತ್ತದೆ ಎಂದು ತಿಳಿಯಲು ಅತ್ತೆ ಹೇಳಿದ ಹೆಸರೇ ಸಾಕು.

ಸಂಜೆಮಲ್ಲಿಗೆಯ ಬಗ್ಗೆಯೂ ಒಂದು ಎಚ್ಚರಿಕೆ ಹೇಳಲೇಬೇಕು. ಅದರ ಬೀಜ ಕಪ್ಪಗೆ, ಸುಕ್ಕುಸುಕ್ಕಾಗಿ ನೋಡಲು ಕಾಳುಮೆಣಸಿನ ಹಾಗೇ ಇರುತ್ತದೆ. ನಮ್ಮಲ್ಲಿ ಮೆಣಸು ಒಣಗಿಸುವ ಅಂಗಳದ ಬದಿಯಲ್ಲೇ ಈ ಗಿಡ ಇರುವುದೂ ಉಂಟು. ಬೀಜ ಮತ್ತು ಗಡ್ಡೆ ಹೊಟ್ಟೆಗೆ ಹೋದರೆ ವಾಂತಿ, ಹೊಟ್ಟೆನೋವು, ಭೇದಿ ಬರುತ್ತದೆ. ಮಕ್ಕಳು ಆಟಕ್ಕೆ ಬೀಜ ಹೆಕ್ಕಿದರೆ ಕೈ ತೊಳೆಸಿ. ಬಾಯಿಗೆ ಹಾಕದಂತೆ ನೋಡಿಕೊಳ್ಳಿ. ಅಕಸ್ಮಾತ್ ನುಂಗಿದ್ದರೆ ಗಿಡದ ಒಂದು ಕೊಂಬೆಯನ್ನೂ ಹಿಡಿದುಕೊಂಡು ಡಾಕ್ಟರ ಹತ್ತಿರ ಹೋಗಿ.

ಪಕ್ಕದ ಮನೆಯ ಹುಡುಗಿಗೆ ನಾನು ಇಪ್ಪತ್ತು ಬೀಜ ಕಾಗದದಲ್ಲಿ ಕಟ್ಟಿ ಕೊಟ್ಟೆ. ಮೇಲೆ ನಾಲುಮಣಿ, ಸಂಜೆಮಲ್ಲಿಗೆ, ಬಯ್ಯಮಲ್ಲಿಗೆ, ಮಿರಾಬಿಲಿಸ್ ಜಲಾಪ ಎಂದು ಬರೆದೆ. ‘ತಿನ್ನಬಾರದು’ ಎಂದೂ ಸೇರಿಸಿದೆ. ಬೆರಳಿನ ಒಂದು ಗೆಣ್ಣು ಆಳಕ್ಕೆ ಊರಿ, ನೀರು ನಿಲ್ಲದ ಜಾಗ ನೋಡಿ, ಬಿಸಿಲು ಬೀಳಲಿ ಎಂದು ಹೇಳಿದ್ದೆ. ಎರಡು ವಾರ ಕಳೆಯುವ ಮೊದಲೇ ಹದಿನಾಲ್ಕು ಸಸಿ ಬಂದಿವೆ ಎಂದು ಬೇಲಿಯಾಚೆಯಿಂದ ಕೂಗಿ ಹೇಳಿದಳು.